ನಿಧಾನದ ಮಾಂಸ, ಅವಸರದ ವೈನು

ನವೆಂಬರ್ ತಿಂಗಳಿನ ಆ ಬುಧವಾರ ಸಂಜೆ, ಲಿಯೋನ್ ನಗರದಲ್ಲಿ ನಾವು ಇಳಿದುಕೊಂಡಿದ್ದ ಮನೆಯೊಡತಿ ಮುಂಚಿತವಾಗಿಯೇ ನಮಗೆ ತಿಳಿಸಿಬಿಟ್ಟರು: "ನಾಳೆ ಮಧ್ಯಾಹ್ನ ಒಲೆ ಹಚ್ಚುವುದಿಲ್ಲ. ನಾಳೆಯ ಊಟವೆಂದರೆ ಹಲಗೆ."

ಹಲಗೆಯನ್ನು ಉಣ್ಣುವ ಬಗೆ ಹೇಗೆಂದು ನಾನು ಬೆರಗಾಗಿ ನೋಡಿದೆ. ಜೊತೆಯಲ್ಲಿದ್ದ ಮಡಿಕೇರಿಯ ಗೆಳೆಯರು ಮಾತ್ರ ಎಲ್ಲವನ್ನೂ ಬಲ್ಲವರಂತೆ ನಕ್ಕರು. ಫ್ರಾನ್ಸಿನಲ್ಲಿ ನವೆಂಬರಿನ ಮೂರನೆಯ ಗುರುವಾರವೆಂದರೆ ಆ ವರ್ಷದ ಹೊಸ ವೈನು ಹೊರಬೀಳುವ ದಿನ. ಅದರ ಹೆಸರು ಬೋಜೊಲೆ ನೂವೋ. 'ನೂವೋ' ಎಂದರೆ ಹೊಸತು ಎಂದೇ ಅರ್ಥ. ಬುಧವಾರ ರಾತ್ರಿ ಗಡಿಯಾರ ಹನ್ನೆರಡು ಹೊಡೆಯುವ ಮೊದಲು ಅದರ ಒಂದು ಸೀಸೆಯನ್ನೂ ಮಾರುವಂತಿಲ್ಲ. ಹೊಡೆದ ಮರುಗಳಿಗೆಯಿಂದ ಊರೆಲ್ಲ ಅದೇ ಮಾತು. ಲಿಯೋನಿನ ಉತ್ತರಕ್ಕಿರುವ ಬೋಜೂ ಎಂಬ ಸಣ್ಣ ಪಟ್ಟಣದಲ್ಲಿ ಆ ರಾತ್ರಿ ಒಣಗಿದ ದ್ರಾಕ್ಷಿಬಳ್ಳಿಯ ಕಡ್ಡಿಗಳಿಂದ ಪಂಜು ಮಾಡಿ ಉರಿಸಿ, ಅದರ ಬೆಳಕಿನಲ್ಲಿ ಪೀಪಾಯಿಗಳನ್ನು ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ತಂದು ನಡುರಾತ್ರಿಗೆ ಸರಿಯಾಗಿ ತೆರೆಯುತ್ತಾರೆ. ನಮ್ಮ ಕೊಡಗಿನ ಪುತ್ತರಿಯಲ್ಲಿ ಹೊಸ ಕದಿರನ್ನು ಮುಹೂರ್ತ ನೋಡಿ ಕೊಯ್ದು ಮನೆಗೆ ತರುವುದಿಲ್ಲವೆ? ಅಂಥದೇ ಸಡಗರ. ಅಲ್ಲಿನ ಮುಹೂರ್ತವನ್ನು ಮಾತ್ರ ಸರ್ಕಾರ ಇಡುತ್ತದೆ.

ಗುರುವಾರ ಮಧ್ಯಾಹ್ನ ಮೇಜಿನ ನಡುವೆ ಬಂದುದು, ಬಳಸಿ ಬಳಸಿ ನುಣುಪಾದ ಒಂದು ಮರದ ಹಲಗೆ. ಅದರ ಮೇಲೆ ವೀಳ್ಯದೆಲೆಯಷ್ಟು ತೆಳುವಾಗಿ ಕೊಯ್ದ ಕಡುಗೆಂಪು ಬಿಲ್ಲೆಗಳು, ನಡುನಡುವೆ ಕೊಬ್ಬಿನ ಬಿಳಿಯ ಚುಕ್ಕೆಗಳು. ಗಾಳಿಯಲ್ಲಿ ಒಣಗಿಸಿದ ಹಂದಿಯ ತೊಡೆಯ ಎಳೆಗಳು. ಹಿಟ್ಟಿನ ಕವಚದೊಳಗೆ ಬೇಯಿಸಿ ತಣಿಸಿದ ಮಾಂಸದ ಪಾತೇ. ಕಿರುಬೆರಳಿನಷ್ಟು ಎಳೆಸೌತೆಯ ಉಪ್ಪಿನಕಾಯಿ. ಸುತ್ತಲೂ ಶರತ್ಕಾಲದ ಫಲಗಳು: ಸುಟ್ಟ ಚೆಸ್ಟ್‌ನಟ್, ಒಡೆದ ಆಕ್ರೋಟು, ಹೆಚ್ಚಿದ ಪೇರ್, ಒಂದು ಗೊಂಚಲು ದ್ರಾಕ್ಷಿ. ಇಂಥ ಮಾಂಸದ ತಯಾರಿಕೆಗೆಲ್ಲ ಶಾರ್ಕ್ಯುಟರಿ ಎಂದು ಹೆಸರು. ಈಚೆಗೆ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿಯೂ 'ಶಾರ್ಕ್ಯುಟರಿ ಹಲಗೆ' ಎಂದು ಇದು ಕಾಣಿಸಿಕೊಂಡಿದೆ. ಉಣ್ಣುವುದಕ್ಕಿಂತ ಹೆಚ್ಚಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದಕ್ಕೇ ಅದನ್ನು ಜೋಡಿಸುತ್ತಾರೆಂದು ತೋರುತ್ತದೆ.

ನಾನೋ ಶಾಕಾಹಾರಿ. ಆಕ್ರೋಟಿನ ಕಡೆಗೆ ಕೈನೀಡುತ್ತಿದ್ದುದನ್ನು ಕಂಡು ಮನೆಯೊಡತಿ ಒಳಗೆ ಹೋಗಿ ಒಂದು ಬಟ್ಟಲನ್ನು ತಂದಿಟ್ಟರು. "ಇದು ನಿಮಗೆ. ಇದರ ಹೆಸರು ಸೆರ್ವೆಲ್ ದ ಕಾನ್ಯೂ."

ಅರ್ಥವೇನೆಂದು ಕೇಳಿದೆ.

"ರೇಷ್ಮೆ ನೇಯುವವನ ಮೆದುಳು," ಎಂದರು.

ಕೈಯಲ್ಲಿದ್ದ ಚಮಚ ಅಲ್ಲಿಯೇ ನಿಂತಿತು. ಅವರು ಮನಸಾರೆ ನಕ್ಕು, ಹೆದರಬೇಡಿರೆಂದು ಬಿಡಿಸಿ ಹೇಳಿದರು. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ, ಗಟ್ಟಿ ಮೊಸರನ್ನು ಹೋಲುವ ಹಸಿಯ ಚೀಸಿಗೆ ಎಳೆಯ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿಯಂತೆ ಹೆಚ್ಚಿದ ಹಸಿರು ಸೊಪ್ಪು, ಉಪ್ಪು, ಮೆಣಸು, ಎಣ್ಣೆ, ಒಂದಿಷ್ಟು ಹುಳಿ ಸೇರಿಸಿ ಕಡೆದದ್ದು. ಬಾಯಿಗಿಟ್ಟರೆ ನಮ್ಮ ಮೊಸರುಬಜ್ಜಿಯ ದೂರದ ನಂಟಸ್ತಿಕೆ ತಿಳಿಯುತ್ತದೆ. ಮಾಂಸ ಕೊಳ್ಳಲಾರದ ನೇಕಾರರು ಇದನ್ನೇ ಉಣ್ಣುತ್ತಿದ್ದರಂತೆ. ಸಿರಿವಂತರು ಅವರನ್ನು ಹೀಯಾಳಿಸಿ ಇಟ್ಟ ಹೆಸರಿದು ಎಂಬುದು ಊರಿನವರ ನಂಬಿಕೆ. ಹೀಗೆ ಆ ಹಲಗೆಯ ಕಥೆ ನನಗೆ ಮಾಂಸದಿಂದಲ್ಲ, ಮೊಸರಿನಿಂದ ತೆರೆದುಕೊಂಡಿತು.

ನೇಕಾರರ ಮುಂಜಾನೆ

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಯೋನ್ ಯೂರೋಪಿನ ರೇಷ್ಮೆಯ ರಾಜಧಾನಿಯಾಗಿತ್ತು. ಕ್ರ್ವಾ-ರೂಸ್ ಎಂಬ ಗುಡ್ಡದ ಮೇಲಿನ ಮನೆಗಳಿಗೆ ಇಂದಿಗೂ ಅಸಾಧಾರಣ ಎತ್ತರದ ಮಾಳಿಗೆ, ಮಗ್ಗ ಹಿಡಿಸಬೇಕಾಗಿತ್ತಲ್ಲ! ಝೋಸೆಫ್-ಮಾರಿ ಜಕಾರ್ ಎಂಬಾತ 1804ರ ಸುಮಾರಿಗೆ ರೂಪಿಸಿದ ತೂತುರಟ್ಟಿನ ಮಗ್ಗ ಈ ಊರಿನದೇ. ನಮ್ಮ ಮಗ್ಗದ ಮನೆಗಳಲ್ಲಿ ಸೀರೆಯ ಸೆರಗಿಗೆ ಹೂ ಎತ್ತುವ 'ಜಕಾರ್ಡ್' ಎಂಬ ಮಾತು ಆತನ ಹೆಸರೇ ಎಂಬುದನ್ನು ಬಲ್ಲವರು ಕಡಿಮೆ.

ಈ ನೇಕಾರರು ಬೆಳಕು ಹರಿಯುವ ಮುಂಚೆ ಮಗ್ಗಕ್ಕೆ ಕೂರುವರು. ಒಂಬತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಹಸಿದು ಹತ್ತಿರದ ಪಾನಗೃಹಕ್ಕೆ ಇಳಿದು ಬಂದರೆ, ಅಲ್ಲಿ ತಣ್ಣನೆಯ ಮಾಂಸದ ತುಣುಕುಗಳು, ಗರಿಗರಿಯಾಗಿ ಕರಿದ ಹಂದಿಯ ಚರ್ಮ, ರೊಟ್ಟಿ, ಜೊತೆಗೆ ಪಕ್ಕದ ಬೆಟ್ಟಗಳಿಂದ ಬಂದ ಅಗ್ಗದ ಬೋಜೊಲೆ. ಈ ಉಪಾಹಾರಕ್ಕೆ ಮಾಶೋಂ ಎಂದು ಹೆಸರು. ಇಂದಿನ ಬೆಡಗಿನ ಹಲಗೆಗೆ ಇದೇ ಹಿರಿಯಜ್ಜಿ. ಒಳ್ಳೆಯ ತುಂಡುಗಳು ಗುಡ್ಡದ ಕೆಳಗಿನ ಧನಿಕರ ಮನೆಗೆ ಹೋದ ತರುವಾಯ ಉಳಿದ ತಲೆ, ಕಾಲು, ಕರುಳುಗಳನ್ನು ರುಚಿಗೊಳಿಸುವ ವಿದ್ಯೆಯೇ ಈ ಊರಿನ ಅಡುಗೆಯ ಕೀರ್ತಿಯಾಯಿತು.

ವೈನನ್ನು ಅಲ್ಲಿ ಅಡಿಯು ದಪ್ಪನಾದ 'ಪೋ' ಎಂಬ ಸೀಸೆಯಲ್ಲಿ ತಂದಿಡುತ್ತಾರೆ. ಅದರ ಅಳತೆ 46 ಸೆಂಟಿಲೀಟರು. ಅರ್ಧ ಲೀಟರಾದರೂ ಇರಬಾರದೆ ಎಂದರೆ ಅದಕ್ಕೂ ಒಂದು ಕಥೆ. ನೇಕಾರರಿಗೆ ವಾರಕ್ಕೆ ಸಲ್ಲಬೇಕಾಗಿದ್ದ ಅರ್ಧ ಲೀಟರಿನಲ್ಲಿ ನಾಲ್ಕು ಸೆಂಟಿಲೀಟರನ್ನು ಧಣಿಗಳು ಹೊಡೆದುಕೊಂಡರೆಂದು ಜನ ಹೇಳುತ್ತಾರೆ. ಕಥೆ ದಿಟವೋ ಸಟೆಯೋ, ಅದರ ಹಿಂದಿನ ಕಹಿ ಮಾತ್ರ ದಿಟ. ನೇಯ್ಗೆಯ ಕೂಲಿಗೆ ಒಂದು ಕನಿಷ್ಠ ದರ ಗೊತ್ತುಮಾಡಬೇಕೆಂದು ಇದೇ ನೇಕಾರರು ಬೀದಿಗಿಳಿದದ್ದು 1831ರ ನವೆಂಬರ್ 21ರಂದು. ಅದು ಇಂದು ಹೊಸ ವೈನಿನ ಹಬ್ಬ ನಡೆಯುವ ಕಾಲವೇ.

ಉಪ್ಪು, ಚಳಿ, ತಾಳ್ಮೆ

ಶಾರ್ಕ್ಯುಟರಿ ಎಂಬ ಪದ 'ಬೇಯಿಸಿದ ಮಾಂಸ' ಎಂಬ ಅರ್ಥದ ಎರಡು ಹಳೆಯ ಫ್ರೆಂಚ್ ಶಬ್ದಗಳ ಕೂಡಿಕೆ. ಪ್ಯಾರಿಸಿನಲ್ಲಿ ಈ ಕಸಬಿನವರಿಗೆ ತಮ್ಮದೇ ಸಂಘದ ಮನ್ನಣೆ ದೊರೆತದ್ದು 1476ರಲ್ಲಿ. ಆದರೆ ವಿದ್ಯೆ ಅದಕ್ಕಿಂತ ಬಹಳ ಹಳೆಯದು, ಮತ್ತು ಅದರ ಮೂಲ ಅಂಗಡಿಯಲ್ಲ, ರೈತನ ಮನೆ.

ಯೂರೋಪಿನ ರೈತನಿಗೆ ಶರತ್ಕಾಲವೆಂದರೆ ಲೆಕ್ಕಾಚಾರದ ಕಾಲ. ಓಕ್ ಮರದಡಿ ಉದುರಿದ ಕಾಯಿಗಳನ್ನು ತಿಂದು ಹಂದಿ ಕೊಬ್ಬಿರುತ್ತದೆ. ಇನ್ನು ಮುಂದೆ ಅದಕ್ಕೆ ಹಾಕಲು ಮೇವಿಲ್ಲ. ಅತ್ತ ಚಳಿ ಕಾಲಿಟ್ಟಿರುವುದರಿಂದ ಮಾಂಸ ಒಡನೆಯೇ ಕೆಡುವ ಭಯ ಕಡಿಮೆ. ಆದುದರಿಂದ ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದ ಆಚೀಚೆ ಹಂದಿಯನ್ನು ಕೊಯ್ಯುವ ರೂಢಿ. ಕೂಡಲೇ ತಿನ್ನಬೇಕಾದುದನ್ನು ನೆರೆಹೊರೆಯೊಡನೆ ಹಂಚಿಕೊಂಡು, ಮಿಕ್ಕದ್ದನ್ನು ಚಳಿಗಾಲ ಕಳೆಯುವ ತನಕ ಉಳಿಸಬೇಕು. ಇದ್ದ ಉಪಾಯ ಒಂದೇ: ಉಪ್ಪು.

ಮಾವಿನಮಿಡಿ ಹಾಕುವ ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಉಪ್ಪು ನೀರನ್ನು ಹಿಡಿದುಕೊಳ್ಳುತ್ತದೆ; ನೀರು ಸಿಕ್ಕದ ಕೊಳೆಯುವ ಜೀವಾಣುಗಳು ಸೊರಗುತ್ತವೆ; ಹುಳಿ ತರುವ ಒಳ್ಳೆಯ ಜೀವಾಣುಗಳು ಗೆಲ್ಲುತ್ತವೆ. ಒಣ ಸಾಸೇಜಿಗೆ ಕಿಲೋ ಮಾಂಸಕ್ಕೆ ಸುಮಾರು 25ರಿಂದ 30 ಗ್ರಾಂ ಉಪ್ಪು ಬೆರೆಸಿ, ಕರುಳಿನಲ್ಲಿ ತುಂಬಿ, ತಂಪಾದ ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕುತ್ತಾರೆ. ವಾರಗಳು ಕಳೆಯುತ್ತಿದ್ದಂತೆ ಮೇಲೆ ಬೂದಿ ಬಳಿದಂತೆ ಬಿಳಿಯ ಬೂಸ್ಟು ಕಟ್ಟುತ್ತದೆ. ಅದು ಕೆಟ್ಟುದರ ಗುರುತಲ್ಲ, ಕಾವಲುಗಾರ. ತೂಕ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಾಗ ಸಾಸೇಜು ಸಿದ್ಧ. ನಮ್ಮ ಹಲಗೆಯ ಮೇಲಿದ್ದ ಕೆಂಪು ಬಿಲ್ಲೆಗಳು 'ರೋಜೆತ್' ಎಂಬ ಲಿಯೋನಿನ ಸಾಸೇಜಿನವು. ಅದರ ದಪ್ಪನೆಯ ಅಣ್ಣನಿಗೆ 'ಜೇಜು' ಎಂದರೆ ಯೇಸು ಎಂದೇ ಹೆಸರು. ಬಟ್ಟೆಯಲ್ಲಿ ಸುತ್ತಿದ ಶಿಶುವಿನಂತೆ ದುಂಡಗಿರುವ ಅದನ್ನು ಕ್ರಿಸ್‌ಮಸ್ ಹಬ್ಬಕ್ಕೆಂದು ಮೀಸಲಿಡುತ್ತಿದ್ದರು. ತೊಡೆಯ ಮಾಂಸದ ತಾಳ್ಮೆ ಇನ್ನೂ ದೊಡ್ಡದು: ಬಯೋನ್ ಪ್ರದೇಶದ ಹ್ಯಾಮಿಗೆ ಕಡಿಮೆಯೆಂದರೆ ಏಳು ತಿಂಗಳು.

ಮಡಿಕೇರಿಯ ಗೆಳೆಯರು ತಮ್ಮ ಅಜ್ಜಿಯ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಿಂದ ಮಾಂಸದ ಪಟ್ಟಿಗಳನ್ನು ತೂಗುಬಿಟ್ಟು ಹೊಗೆಯಲ್ಲಿ ಒಣಗಿಸುತ್ತಿದ್ದುದನ್ನು ನೆನೆದರು. ಕೊಡಗಿನ ಮಳೆಗಾಲದಲ್ಲಿ ಬರಿಯ ಗಾಳಿಯನ್ನು ನಂಬಿದರೆ ಆದೀತೆ?

ಇಲ್ಲಿ ಒಂದು ಕರಾಳ ಸಂಗತಿಯನ್ನು ಮರೆಮಾಚುವಂತಿಲ್ಲ. ಎಲ್ಲ ಹಲಗೆಗಳೂ ಕ್ಷೇಮವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಸಾಸೇಜು ತಿಂದವರು ಕಣ್ಣು ಮಂಜಾಗಿ, ನುಂಗಲಾರದೆ, ಉಸಿರು ಕಟ್ಟಿ ಸತ್ತರು. ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನಸ್ ಕೆರ್ನರ್ ಈ ಸಾವುಗಳನ್ನು ಒಂದೊಂದಾಗಿ ಬರೆದಿಟ್ಟು, ಆ ವಿಷವನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡ. 'ಬಾಟುಲಿಸಂ' ಎಂಬ ಆ ವ್ಯಾಧಿಯ ಹೆಸರು ಸಾಸೇಜಿನ ಲ್ಯಾಟಿನ್ ಹೆಸರಿನಿಂದಲೇ ಬಂದಿದೆ. ಇದನ್ನು ತಡೆಯಲೆಂದೇ ಉಪ್ಪಿನ ಜೊತೆಗೆ ನೈಟ್ರೇಟು, ನೈಟ್ರೈಟು ಲವಣಗಳನ್ನು ಬೆರೆಸುವುದು. ಆ ಮೋಹಕವಾದ ಕೆಂಬಣ್ಣವೂ ಅದರದೇ. ಆದರೆ ಒಂದು ಕೇಡನ್ನು ಕಳೆಯಲು ತಂದದ್ದು ಇನ್ನೊಂದು ಕೇಡಿಗೆ ಬಾಗಿಲಾಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವೆಂದು ಖಚಿತವಾದ ಪದಾರ್ಥಗಳ ಸಾಲಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ತಿನ್ನದವರಿಗಿಂತ ಶೇಕಡಾ 18ರಷ್ಟು ಹೆಚ್ಚು ಎಂಬುದು ಅದರ ಅಂದಾಜು. ಫ್ರಾನ್ಸಿನದೇ ಆಹಾರ ಸುರಕ್ಷಣಾ ಸಂಸ್ಥೆ 2022ರಲ್ಲಿ ನೈಟ್ರೈಟಿನ ಬಗೆಗೆ ಈ ಆತಂಕವನ್ನು ಎತ್ತಿಹಿಡಿಯಿತು. ಮನೆಯೊಡತಿ ಇದನ್ನು ಬಲ್ಲರು. "ನಮ್ಮ ಅಜ್ಜಿ ಇದನ್ನು ದಿನವೂ ತಿನ್ನುತ್ತಿರಲಿಲ್ಲ, ದಿನವೂ ಇರುತ್ತಿರಲಿಲ್ಲವಲ್ಲ," ಎಂದಷ್ಟೇ ಹೇಳಿದರು.

ಹೊರದೂಡಿಸಿಕೊಂಡ ಬಳ್ಳಿ

ಹಲಗೆಯ ಪಕ್ಕದಲ್ಲಿದ್ದ ವೈನಿನ ಕಥೆ ಇದಕ್ಕೆ ತೀರ ವಿರುದ್ಧ. ಮಾಂಸ ಕಾದು ಕಾದು ರುಚಿಯಾಗುತ್ತದೆ. ಇದೋ, ಆಗಸ್ಟ್ ಕೊನೆಯಲ್ಲಿಯೋ ಸೆಪ್ಟೆಂಬರಿನಲ್ಲಿಯೋ ಬಳ್ಳಿಯ ಮೇಲಿದ್ದ ಹಣ್ಣು, ನವೆಂಬರಿನಲ್ಲಿ ಲೋಟದೊಳಗೆ!

ಇದರ ದ್ರಾಕ್ಷಿಗೆ ಗಾಮೇ ಎಂದು ಹೆಸರು. 1395ರಲ್ಲಿ ಬರ್ಗಂಡಿಯ ದೊರೆ ಧೀರ ಫಿಲಿಪ್ಪನು ಇದನ್ನು 'ದ್ರೋಹಿ' ಬಳ್ಳಿಯೆಂದು ಜರೆದು ತನ್ನ ನಾಡಿನಿಂದ ಕಿತ್ತು ಹಾಕಿಸಲು ಆಜ್ಞೆ ಹೊರಡಿಸಿದ. ಹೇರಳವಾಗಿ ಕಾಯುವುದೇ ಅದರ ಅಪರಾಧ. ಬಡ ರೈತರು ದೊರೆಗೆ ಮೆಚ್ಚಿಗೆಯಾದ ಪಿನೋ ಬಳ್ಳಿಯನ್ನು ಬಿಟ್ಟು ಇದನ್ನೇ ನೆಡುತ್ತಿದ್ದರು. ದಕ್ಷಿಣದ ಬೋಜೊಲೆ ಬೆಟ್ಟಗಳ ಗ್ರ್ಯಾನೈಟ್ ನೆಲದಲ್ಲಿ ಅದು ತನ್ನ ನಿಜವಾದ ತವರನ್ನು ಕಂಡುಕೊಂಡಿತು. ಇಂದು ಮೋರ್ಗೋಂ, ಫ್ಲೂರಿ, ಮುಲ್ಯಾಂ-ಆ-ವಾಂ ಮೊದಲಾದ ಅಲ್ಲಿನ ಹತ್ತು ಗ್ರಾಮಸೀಮೆಗಳ ವೈನು ವರ್ಷಗಟ್ಟಲೆ ಇಟ್ಟರೂ ಹಾಳಾಗದ ಘನವಾದ ಸರಕು. ಅವನ್ನು 'ಹೊಸ ವೈನು' ಎಂದು ಮಾರಲು ಕಾನೂನು ಬಿಡುವುದಿಲ್ಲ.

ಹೊಸ ವೈನಿಗೆ ಹಣ್ಣನ್ನು ತುಳಿಯುವುದಿಲ್ಲ. ಗೊಂಚಲನ್ನು ಗೊಂಚಲಾಗಿಯೇ ತೊಟ್ಟಿಗೆ ಸುರಿಯುತ್ತಾರೆ. ತಳದ ಹಣ್ಣು ಭಾರಕ್ಕೆ ಒಡೆದು ಹುದುಗತೊಡಗಿ ಇಂಗಾಲದ ಅನಿಲವನ್ನು ಬಿಡುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಆ ಅನಿಲ ತುಂಬಿಕೊಂಡಾಗ ಮೇಲಿನ ಇಡಿಯ ಹಣ್ಣು ತನ್ನ ಸಿಪ್ಪೆಯೊಳಗೆ ತಾನೇ ಹುದುಗುತ್ತದೆ. ನಾಲ್ಕೈದು ದಿನಕ್ಕೆ ಹಿಂಡಿಬಿಡುವುದರಿಂದ ಸಿಪ್ಪೆಯ ಬೀಜದ ಒಗರು ಇಳಿಯುವುದಿಲ್ಲ; ಬಾಳೆಯ, ಸ್ಟ್ರಾಬೆರಿಯ ಪರಿಮಳ ಮಾತ್ರ ಏಳುತ್ತದೆ. ಗಾಣದಿಂದ ಮೊದಲು ಹರಿಯುವ ಅರೆಹುದುಗಿದ ಸಿಹಿರಸವನ್ನು ಕೊಯ್ಲಿನವರು ಹಂಚಿಕೊಂಡು ಕುಡಿಯುತ್ತಾರೆ. ಅದರ ಹೆಸರು 'ಪರದೀ', ಸ್ವರ್ಗ.

ಮೊದಲು ಇದು ಕೊಯ್ಲಿನವರ ಸಂತೋಷಕ್ಕೂ ಲಿಯೋನಿನ ಪಾನಗೃಹಗಳಿಗೂ ಸೀಮಿತವಾಗಿತ್ತು. ಡಿಸೆಂಬರಿಗೆ ಮುನ್ನವೇ ಮಾರಲು 1951ರಲ್ಲಿ ಅಪ್ಪಣೆ ದೊರೆಯಿತು. 1967ರಲ್ಲಿ ನವೆಂಬರ್ 15 ಎಂದು ದಿನ ಗೊತ್ತಾಯಿತು. 1985ರಲ್ಲಿ ಮೂರನೆಯ ಗುರುವಾರಕ್ಕೆ ಬದಲಾಯಿತು. ವಾರದ ಕೊನೆಯ ವ್ಯಾಪಾರಕ್ಕೆ ಅನುಕೂಲವಷ್ಟೆ! 2020ರಲ್ಲಿ ತೀರಿಕೊಂಡ ಜಾರ್ಜ್ ದ್ಯುಬೋಫ್ ಎಂಬ ವ್ಯಾಪಾರಿ ಹೂವಿನ ಚಿತ್ರದ ಸೀಸೆಗಳೊಡನೆ ಇದನ್ನು ಲೋಕಕ್ಕೆಲ್ಲ ಹಬ್ಬಿಸಿದ. ಮೊದಲ ಸೀಸೆಯನ್ನು ಲಂಡನ್ನಿಗೆ ಮುಟ್ಟಿಸಲು ಮೋಟಾರುಗಳ ಪಂದ್ಯ, ಜಪಾನಿಗೆ ಸಾಗಿಸಲು ವಿಮಾನಗಳು!

ಆದರೆ ಅವಸರ ತನ್ನ ಬೆಲೆಯನ್ನು ವಸೂಲುಮಾಡಿತು. ಹೇಗೂ ಮಾರಾಟವಾಗುತ್ತದೆಂದು ಹಲವರು ನೀರಸವಾದ ವೈನನ್ನು ತಯಾರಿಸಿದರು. 2001ರ ಬೆಳೆಯಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಪೆಟ್ಟಿಗೆಗಳು ಮಾರಾಟವಾಗದೆ ಬಟ್ಟಿಯ ಪಾಲಾದವು. ಅದೇ ಸಮಯದಲ್ಲಿ ಲಿಯೋನಿನ ಒಂದು ಪತ್ರಿಕೆ, ಈ ವೈನನ್ನು ಬಾಯಿಬಿಟ್ಟು ಹೇಳಲಾಗದ ಮಾತಿನಿಂದ ಹಳಿದ ಒಬ್ಬ ರುಚಿಜ್ಞನ ಸಂದರ್ಶನವನ್ನು ಅಚ್ಚುಹಾಕಿತು. ಬೆಳೆಗಾರರು ದಾವೆ ಹೂಡಿದರು. 2003ರಲ್ಲಿ ನ್ಯಾಯಾಲಯ ಪತ್ರಿಕೆಗೆ ಮುಳುಗಿಹೋಗುವಷ್ಟು ದಂಡ ಹಾಕಿತು. ಕೊನೆಗೆ ಪರಮೋಚ್ಚ ನ್ಯಾಯಾಲಯದಲ್ಲಿ ಪತ್ರಿಕೆಯೇ ಗೆದ್ದಿತು. ಈ ಜಗಳದಲ್ಲಿ ನಿಜವಾಗಿ ಸೋತವರು ಯಾರೆಂದರೆ, ನಷ್ಟ ತಾಳಲಾರದೆ ತಾತಂದಿರು ನೆಟ್ಟ ಬಳ್ಳಿಗಳನ್ನು ಕಿತ್ತು ಬಿಸುಟ ಸಣ್ಣ ಹಿಡುವಳಿದಾರರು. ಉಳಿದವರಲ್ಲಿ ಹಲವರು ಈಗ ಕಡಿಮೆ ಬೆಳೆದು ಚೆನ್ನಾಗಿ ತಯಾರಿಸುವ ಹಾದಿ ಹಿಡಿದಿದ್ದಾರೆ. ನಮ್ಮ ಮೇಜಿನ ಸೀಸೆ ಅಂಥವರೊಬ್ಬರದು.

ಯಾವುದಕ್ಕೆ ಯಾವುದು ಸರಿಜೋಡಿ

ನಾನು ಅರ್ಧ ಲೋಟ ಮಾತ್ರ ರುಚಿನೋಡಿದೆ. ಹುಳಿ ಮುಂದೆ, ಹಣ್ಣು ಹಿಂದೆ, ಒಗರು ಇಲ್ಲವೆನ್ನುವಷ್ಟು. ಮಡಿಕೇರಿಯ ಗೆಳೆಯರು ರೋಜೆತಿನ ಒಂದು ಬಿಲ್ಲೆಯನ್ನು ಅಗಿದು ಗುಟುಕರಿಸಿ, ಥಟ್ಟನೆ, "ಇದು ನಮ್ಮ ಕಾಚಂಪುಳಿಯ ಕೆಲಸ!" ಎಂದರು. ಕೊಡಗಿನಲ್ಲಿ ಹಂದಿಯ ಸಾರಿಗೆ ಕೊನೆಯಲ್ಲಿ ಹಾಕುವ ಆ ಕಪ್ಪು ಹುಳಿ ಇಲ್ಲದಿದ್ದರೆ ಕೊಬ್ಬು ನಾಲಗೆಗೆ ಅಂಟಿ ಮುಖ ಕಟ್ಟುತ್ತದೆ. ಜೋಡಿಸುವ ಶಾಸ್ತ್ರದ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಹೇಳುವುದರ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ. ಕೊಬ್ಬಿಗೆ ಹುಳಿ ಬೇಕು. ಉಪ್ಪಿನೆದುರು ಒಗರು ಇನ್ನಷ್ಟು ಕಹಿಯಾಗುತ್ತದೆ. ಆದುದರಿಂದ ದುಬಾರಿಯ, ಒಗರಾದ ಕೆಂಪು ವೈನನ್ನು ತಂದು ಉಪ್ಪುಮಾಂಸದೊಡನೆ ಇಟ್ಟರೆ ಎರಡೂ ಕೆಟ್ಟವು. ಅಗ್ಗದ ಗಾಮೇ, 12 ಡಿಗ್ರಿಯಷ್ಟು ತಂಪಾಗಿದ್ದರೆ, ಗೆಲ್ಲುತ್ತದೆ.

ಮಿಕ್ಕ ಜೋಡಿಗಳೂ ಇದೇ ಜಾಡಿನವು. ಮೇಕೆಯ ಚೀಸಿಗೆ ಹುಳಿಯಾದ ಬಿಳಿ ವೈನು. ಹೊಗೆಯಾಡಿಸಿದ ಹ್ಯಾಮಿಗೆ ಒಂದಿಷ್ಟು ಸಿಹಿಯುಳಿದ ರೀಸ್ಲಿಂಗ್. ಕಟುವಾದ ನೀಲಿ ಚೀಸಿಗೆ ಜೇನಿನಂಥ ಸೊಟೆರ್ನ್. ಉಪ್ಪಿಗೂ ಸಿಹಿಗೂ ಇರುವ ನೆಂಟಸ್ತಿಕೆಯನ್ನು ಹುಣಿಸೆ-ಬೆಲ್ಲದ ಗೊಜ್ಜು ಮಾಡುವವರಿಗೆ ಹೇಳಿಕೊಡಬೇಕೆ? ಉಪ್ಪಿನಕಾಯಿಯ ಹತ್ತಿರ ಮಾತ್ರ ಯಾವ ವೈನೂ ನಿಲ್ಲದು. ಅದನ್ನು ತಿಂದಾದ ಮೇಲೆ ಒಂದು ತುಂಡು ರೊಟ್ಟಿ ತಿಂದು ನಾಲಗೆಯನ್ನು ಹಸನುಮಾಡಿಕೊಳ್ಳಬೇಕು. ಕುಡಿಯದವರಿಗೆ ಹುಳಿಯಾದ ಸೇಬಿನ ರಸವೋ ದ್ರಾಕ್ಷಿಯ ರಸವೋ ಅದೇ ಕೆಲಸ ಮಾಡುತ್ತದೆ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿ ಬರುವ ನಮ್ಮ ತಾಯ್ತಂದೆಯರಿಗೆ ಇದು ಇನ್ನೊಂದು ರೂಪದಲ್ಲಿ ಎದುರಾಗಬಹುದು. ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ 1941ರ ಕಾನೂನಿನಂತೆ ನವೆಂಬರಿನ ನಾಲ್ಕನೆಯ ಗುರುವಾರ. ಎಂದರೆ ಹೊಸ ವೈನು ಬಂದ ಸರಿಯಾಗಿ ಎಂಟನೆಯ ದಿನ. ಟರ್ಕಿ ಕೋಳಿ ಒಲೆಯಲ್ಲಿ ಗಂಟೆಗಟ್ಟಲೆ ಬೇಯುತ್ತಿರುವಾಗ ನೆಂಟರ ಹಸಿವನ್ನು ಸಮಾಧಾನಗೊಳಿಸಲು ಈ ಹಲಗೆ ಬರುತ್ತದೆ, ಪಕ್ಕದಲ್ಲಿ ಅನೇಕರು ಬೋಜೊಲೆಯನ್ನೇ ಇಡುತ್ತಾರೆ. ಶಾಕಾಹಾರಿಗಳು ಮೂಲೆಯಲ್ಲಿ ಮುದುಡಿ ಕೂರಬೇಕಾಗಿಲ್ಲ. ಮೊಸರನ್ನು ಒಂದು ರಾತ್ರಿ ಕಟ್ಟಿಟ್ಟು 'ನೇಕಾರನ ಮೆದುಳ'ನ್ನು ಕಡೆದು, ಸುಟ್ಟ ಚೆಸ್ಟ್‌ನಟ್, ಆಕ್ರೋಟು, ಅಂಜೂರಗಳೊಡನೆ ಬೇರೊಂದು ಹಲಗೆಯಲ್ಲಿ ಇಡಲಿ. ಬೇರೊಂದು ಹಲಗೆ, ಬೇರೊಂದು ಚಾಕು ಎಂಬುದನ್ನು ಒತ್ತಿ ಹೇಳುತ್ತೇನೆ; ನನ್ನ ಮನೆಯೊಡತಿ ಕೇಳದೆಯೇ ಹಾಗೆ ಮಾಡಿದ್ದರು.

ಊಟ ಮುಗಿದಾಗ ಮೂರು ಗಂಟೆ. ಹೊರಗೆ ಸೋನ್ ನದಿಯ ಮೇಲೆ ಮಂಜು ಇಳಿಯುತ್ತಿತ್ತು. ಉಳಿದ ರೋಜೆತನ್ನು ಅವರು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೊಳೆಗೆ ತೂಗುಹಾಕಿದರು. ಇನ್ನೂ ಎರಡು ವಾರಕ್ಕೆ ಅಡ್ಡಿಯಿಲ್ಲವಂತೆ. ಸೀಸೆಯ ತಳದಲ್ಲಿ ಬೆರಳೆರಡರಷ್ಟು ವೈನು ಉಳಿದಿತ್ತು. ಅದನ್ನು ಏನು ಮಾಡುವಿರೆಂದು ಕೇಳಿದೆ. ಮೂಲೆಯಲ್ಲಿದ್ದ ಮಣ್ಣಿನ ಜಾಡಿಯ ಮುಚ್ಚಳ ತೆಗೆದು ಅದರೊಳಗೆ ಸುರಿದರು. ವಿನಿಗರ್ ಜಾಡಿ. ಮುಂದಿನ ಬೇಸಗೆಯಲ್ಲಿ ಎಳೆಸೌತೆ ಬಂದಾಗ ಉಪ್ಪಿನಕಾಯಿಗೆ ಅದೇ ಹುಳಿ ಬೇಕಂತೆ.